ಮನೆತನದ ಚರಿತ್ರೆ ಮತ್ತು ಹಿರಿಯರ ವಿಳಾಸ

ಮಗಳ ಮದುವೆಗೋ ತಂದೆಯ ಷಷ್ಟ್ಯಬ್ದಿಗೋ ಅಚ್ಚಾಗುವ ಮನೆತನದ ಚರಿತ್ರೆಗಳು ಬಂಧುಗಳ ಕೈಗಷ್ಟೇ ಹೋಗುವುದರಿಂದ ವಿಮರ್ಶಕರ ಕಣ್ಣಿಗೆ ಬೀಳುವುದು ಕಡಮೆ. ಆದರೆ ಅವೂ ಗದ್ಯದ ಒಂದು ಬಗೆಯೇ, ಅವಕ್ಕೂ ಗುಣದೋಷಗಳುಂಟು. ಬಸವಕಲ್ಯಾಣ, ಹುಮನಾಬಾದುಗಳ ಕಡೆಯ ಕುಟುಂಬಗಳು ಬರೆಯಿಸುವ ಇಂಥ ಹೊತ್ತಗೆಗಳಲ್ಲಿ ಒಂದು ದೋಷ ಎದ್ದು ಕಾಣುತ್ತದೆ. ಮೊದಲ ಪುಟದಲ್ಲಿ ಹಿರಿಯರು ಅನುಭವಮಂಟಪದಲ್ಲಿರುತ್ತಾರೆ. ಪುಟ ಮಗುಚಿದರೆ ಅಜ್ಜನವರು ಸೊಲ್ಲಾಪುರದ ಗಿರಣಿಗೋ ಹೈದರಾಬಾದಿನ ಕಚೇರಿಗೋ ಸೇರಿಬಿಟ್ಟಿರುತ್ತಾರೆ. ನಡುವಣ ಎಂಟುನೂರು ವರ್ಷ ಇವರ ಮನೆ ಯಾವ ಓಣಿಯಲ್ಲಿತ್ತು, ಹೊಲ ಯಾವ ಹಳ್ಳದ ಆಚೆಗಿತ್ತು ಎಂಬ ಸುದ್ದಿಯೇ ಇಲ್ಲ. ಕಲ್ಯಾಣವೆಂಬ ಹೆಸರು ಅಲ್ಲಿ ಬಿರುದಾಗಿ ಬಂದಿದೆಯೇ ಹೊರತು ಇದ್ದ ಊರಾಗಿ ಬಂದಿಲ್ಲ.

ವಿಳಾಸ ಬರೆಯುವುದು ಹೇಗೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿದ್ದ ಬಿಲ್ಹಣ ಕವಿ ತನ್ನ ‘ವಿಕ್ರಮಾಂಕದೇವಚರಿತ’ದ ಹದಿನೆಂಟನೆಯ ಸರ್ಗವನ್ನು ತಾನು ಬಿಟ್ಟುಬಂದ ಕಾಶ್ಮೀರಕ್ಕೂ ತನ್ನ ಮನೆತನಕ್ಕೂ ಮೀಸಲಿಟ್ಟಿದ್ದಾನೆ. ಮುತ್ತಜ್ಜ ಮುಕ್ತಿಕಲಶ, ಅಜ್ಜ ರಾಜಕಲಶ, ತಂದೆ ಜ್ಯೇಷ್ಠಕಲಶ, ತಾಯಿ ನಾಗದೇವಿ, ಊರು ಖೋನಮುಖ. ಪ್ರವರಪುರದಿಂದ ಅದೆಷ್ಟು ದೂರ, ಹತ್ತಿರದ ಜಯವನದಲ್ಲಿ ತಕ್ಷಕನಾಗನ ಕೊಳ, ಒಂದು ಬದಿಗೆ ಕೇಸರಿ, ಇನ್ನೊಂದು ಬದಿಗೆ ದ್ರಾಕ್ಷಿ. ಹೊಗಳಿಕೆಗೇನೂ ಕೊರತೆಯಿಲ್ಲ, ಕವಿಯಲ್ಲವೆ! ಆದರೂ ಗುರುತುಗಳು ತಪ್ಪಿಲ್ಲ. 1874ರಲ್ಲಿ ಬ್ಯೂಲರ್ ಎಂಬ ಜರ್ಮನ್ ವಿದ್ವಾಂಸ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಈ ಕಾವ್ಯದ ಪ್ರತಿಯನ್ನು ಕಂಡ. ಮರುವರ್ಷ ಅದನ್ನು ಅಚ್ಚುಹಾಕಿಸಿ ಕಾಶ್ಮೀರಕ್ಕೂ ಹೋದ. ಕವಿ ಹೇಳಿದ ಗುರುತುಗಳನ್ನೇ ಹಿಡಿದು, ಖೋನಮುಖವೆಂದರೆ ಶ್ರೀನಗರದ ಬಳಿಯ ಖುನ್‌ಮೋಹ ಎಂದು ನಿಶ್ಚಯಿಸಿದ. ಎಂಟು ಶತಮಾನದ ಮೇಲೆ ಪರದೇಶದವನೊಬ್ಬ ಹೋಗಿ ಮುಟ್ಟುವಂತೆ ಬರೆದ ವಿಳಾಸವದು.

ಇದರ ಪಕ್ಕದಲ್ಲಿ ಮೋಳಿಗೆ ಮಾರಯ್ಯನನ್ನು ನಿಲ್ಲಿಸಿ ನೋಡಬಹುದು. ಆತನೂ ಕಾಶ್ಮೀರದವನು, ಅಲ್ಲಿ ಅರಸನಾಗಿದ್ದನೆಂದು ಪ್ರತೀತಿ. ರಾಜ್ಯದ ಹೆಸರುಂಟು, ಅಲ್ಲಿ ಹುಡುಕಿಕೊಂಡು ಹೋಗಲು ಒಂದು ಕೊಳದ ಗುರುತೂ ಇಲ್ಲ. ಆತನ ವಿಷಯದಲ್ಲಿ ನಮ್ಮ ಮನಸ್ಸು ಹಿಡಿದುಕೊಂಡಿರುವುದು ಕಲ್ಯಾಣದ ಬೀದಿಯಲ್ಲಿ ಹೊತ್ತು ಮಾರಿದ ಕಟ್ಟಿಗೆಯ ಹೊರೆಯನ್ನೇ. ನಮ್ಮ ಮನೆತನದ ಚರಿತ್ರಕಾರರು ಅರಸುತನವನ್ನು ಬರೆದುಕೊಂಡು ಹೊರೆಯನ್ನು ಬಿಟ್ಟುಬಿಡುತ್ತಾರೆ.

ಹೆಳವರು ಈ ವಿಷಯದಲ್ಲಿ ಹೆಚ್ಚು ಬಲ್ಲವರು. ಎತ್ತನ್ನೇರಿ ಮನೆಬಾಗಿಲಿಗೆ ಬಂದು ವಂಶಾವಳಿ ಒಪ್ಪಿಸುವ ಹೆಳವ ದಾನಕ್ಕೆ ತಕ್ಕಂತೆ ಹೊಗಳುವವನೇ ಸರಿ. ಆದರೆ ಮೂಲದ ಊರು ಯಾವುದು, ಅದನ್ನು ಬಿಟ್ಟು ಎಲ್ಲಿಗೆ ಬಂದಿರಿ ಎಂಬುದನ್ನು ಹೇಳದೆ ಮುಂದೆ ಸಾಗುವುದಿಲ್ಲ. ಅಡ್ಡಹೆಸರುಗಳ ರೀತಿಯೂ ಇದೇ. ಹುಮನಾಬಾದಿನಲ್ಲೇ ಉಳಿದವನನ್ನು ಹುಮನಾಬಾದಕರ ಎಂದು ಕರೆಯುವವರಾರು? ಬಿಟ್ಟುಹೋದವನಿಗೆ ಆ ಹೆಸರು.

ಹಾಗಾದರೆ ನಡುವಣ ಕಾಲ ಏಕೆ ಬರಿದಾಯಿತು? ಅದು ಕಲ್ಯಾಣಿಯ ಕಾಲವಾದುದರಿಂದ ಎಂದು ನನ್ನ ಊಹೆ. ನಿಜಾಮರ ಸಂಸ್ಥಾನದಲ್ಲಿ ಈ ಊರು ನವಾಬರ ಜಹಗೀರು. ದಫ್ತರಗಳಲ್ಲಿ ಅದರ ಹೆಸರು ಕಲ್ಯಾಣಿ. ಬಸವಕಲ್ಯಾಣ ಎಂಬುದು 1956ರ ಏಕೀಕರಣದ ಸಮಯದಲ್ಲಿ ಬಂದ ಹೆಸರು. ಹಳೆಯ ಕಾಗದಗಳಲ್ಲಿ ಬಸವಕಲ್ಯಾಣವನ್ನು ಹುಡುಕುವವನು ಬರಿಗೈಯಲ್ಲಿ ಮರಳುತ್ತಾನೆ. ಕಾಗದ ಸಿಕ್ಕರೂ ಅದು ಉರ್ದುವಿನಲ್ಲಿರುತ್ತದೆ. ಕುಲಕರ್ಣಿಗಳ ದಫ್ತರದ್ದಾದರೆ ಮೋಡಿಯಲ್ಲಿ. ವರ್ಷ ಫಸಲಿಯದು: 1358 ಎಂದಿದ್ದರೆ 590 ಕೂಡಿಸಿ 1948–49 ಎಂದು ತಿಳಿಯಬೇಕು. ಮೊಮ್ಮಗನಿಗೆ ಈ ಲಿಪಿಗಳು ಬಾರವು. ಬಾರದ್ದನ್ನು ಕಲಿತವರಿಂದ ಓದಿಸುವುದಕ್ಕಿಂತ ಶರಣರ ಸಂತತಿಯೆಂದು ಬರೆದುಬಿಡುವುದು ಸುಲಭ.

ಓದಿಸಿದರೆ ಸಿಗುವುದು ಬಹಳ. 1954–55ರ ಖಾಸ್ರಾ ಪಹಣಿಯಲ್ಲಿ ಹೊಲದ ಸರ್ವೆ ನಂಬರಿದೆ, ಪಟ್ಟೇದಾರನ ಹೆಸರಿದೆ, ಉಳುವವನು ಬೇರೆಯಾದರೆ ಅವನದೂ ಇದೆ. ಅದಕ್ಕಿಂತ ರಸವತ್ತಾದದ್ದು ಹಳೆಯ ಕ್ರಯಪತ್ರದ ಚಕ್ಕುಬಂದಿ. ಮನೆಗಳಿಗೆ ನಂಬರು ಬರುವ ಮುಂಚೆ ಚಕ್ಕುಬಂದಿಯೇ ವಿಳಾಸ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಮಠದ ಹಿತ್ತಿಲು, ಉತ್ತರಕ್ಕೆ ದಾರಿ, ದಕ್ಷಿಣಕ್ಕೆ ಇನ್ನೊಬ್ಬರ ಗೋಡೆ. ಬಿಲ್ಹಣ ಕೊಟ್ಟದ್ದೂ ಒಂದು ಬಗೆಯ ಚಕ್ಕುಬಂದಿಯೇ. ಇದರಲ್ಲಿ ತನ್ನ ಮನೆ ಎಲ್ಲಿತ್ತೆಂದು ಹೇಳಬೇಕಾದರೆ ನೆರೆಯವರ ಹೆಸರು ಹೇಳಲೇಬೇಕು.

ಬೀದರ ಜಿಲ್ಲೆಯ ಮಟ್ಟಿಗೆ ಇದು ಸಣ್ಣ ಮಾತಲ್ಲ. ರಜಾಕಾರರ ಹಾವಳಿಗೆ ಅಂಜಿ ಊರು ಬಿಟ್ಟ ಕುಟುಂಬಗಳಿದ್ದವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸಲ್ಮಾನರ ಮೇಲೆ ಹಿಂಸೆ ನಡೆದು ಅವರಲ್ಲಿಯೂ ಎಷ್ಟೋ ಜನ ಹೊರಟುಹೋದರು. ಹಿಂದಿನ ಪೀಳಿಗೆ ಈ ಎರಡನ್ನೂ ಮನೆಯಲ್ಲಿ ಆಡದೆ ನುಂಗಿಕೊಂಡಿತು. ಮನೆತನದ ಚರಿತ್ರೆಗಳು ಕಲ್ಯಾಣದಿಂದ ಸೊಲ್ಲಾಪುರಕ್ಕೆ ಜಿಗಿಯುವಾಗ ದಾಟುವುದು ಇದನ್ನೂ ಸೇರಿಸಿಯೇ. ಎರಡು ಕಡೆಯ ಮೊಮ್ಮಕ್ಕಳೂ ತಮ್ಮ ಅಜ್ಜನ ಮನೆಯನ್ನು ಹುಡುಕಿದರೆ, ಒಬ್ಬನ ಪತ್ರದಲ್ಲಿ ಇನ್ನೊಬ್ಬನ ಅಜ್ಜ ಪೂರ್ವದಿಕ್ಕಿನ ಮೇರೆಯಾಗಿ ಕುಳಿತಿರುವ ಸಂಭವವುಂಟು.

ಆದುದರಿಂದ ಇಂಥ ಪುಸ್ತಕ ಬರೆಯುವವರಲ್ಲಿ ಒಂದು ಕೋರಿಕೆ. ಅನುಭವಮಂಟಪದ ಪುಟ ಇರಲಿ. ಅದರ ಮುಂದೆ ಅಜ್ಜನ ಪತ್ರದ ಚಕ್ಕುಬಂದಿಯನ್ನು ನಾಲ್ಕು ದಿಕ್ಕಿನ ಹೆಸರುಗಳ ಸಹಿತ, ತಿದ್ದದೆ, ಕನ್ನಡ ಅಕ್ಷರದಲ್ಲಿ ಅಚ್ಚುಹಾಕಲಿ. ಊರಿನ ಹೆಸರು ಕಲ್ಯಾಣಿ ಎಂದಿದ್ದರೆ ಕಲ್ಯಾಣಿ ಎಂದೇ ಇರಲಿ.