ಕಾಯಿಲೆಯ ಮನೆ, ನಮ್ಮ ಕಥೆಗಳಲ್ಲಿ

ನಮ್ಮ ಕಥೆಗಾರರಿಗೆ ಕ್ಯಾನ್ಸರ್ ಬಹಳ ಅನುಕೂಲದ ಕಾಯಿಲೆಯಾಗಿ ಒದಗಿಬಂದಿದೆ. ಕಥೆಯನ್ನು ಎಲ್ಲಿ ಮುಗಿಸಬೇಕೆಂದು ತೋಚದಿದ್ದಾಗ ವೈದ್ಯರೊಬ್ಬರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಟ್ಟುಸಿರು ಬಿಟ್ಟರೆ ಸಾಕು. ಮುನಿದ ಸೊಸೆ ಕರಗುತ್ತಾಳೆ, ಮನೆ ಬಿಟ್ಟ ಮಗ ಹಿಂದಿರುಗುತ್ತಾನೆ, ಆಸ್ತಿಯ ವ್ಯಾಜ್ಯ ರಾಜಿಯಾಗುತ್ತದೆ. ಇಂಥ ಕಥೆಗಳನ್ನು ನಾನೂ ಓದಿದ್ದೇನೆ. ಒಂದೆರಡನ್ನು ಮೆಚ್ಚಿಯೂ ಇದ್ದೇನೆ. ಆದರೆ ಹೋದ ಯುಗಾದಿಗೆ ಶೆಟ್ಟಿಕೆರೆಗೆ ಹೋಗಿಬಂದ ಮೇಲೆ ಅವುಗಳನ್ನು ಮತ್ತೆ ಓದಲು ನನ್ನಿಂದಾಗಲಿಲ್ಲ. ಏಕಾಗಲಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಿ ನೋಡಬೇಕೆಂದಿದ್ದೇನೆ.

ಶೆಟ್ಟಿಕೆರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದು. ಸುತ್ತ ಎತ್ತ ನೋಡಿದರೂ ತೆಂಗಿನ ತೋಟ. ಹಬ್ಬಕ್ಕೆಂದು ಬೆಂಗಳೂರಿನಿಂದ ಸಂಸಾರ ಸಮೇತ ಹೋಗಿದ್ದೆ. ತಂದೆಯವರಿಗೆ ಎರಡು ಮೂರು ತಿಂಗಳಿಂದ ಊಟ ಸೇರುತ್ತಿರಲಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿರಬೇಕೆಂದೇ ಎಲ್ಲರೂ ತಿಳಿದಿದ್ದೆವು. ಒಳಗಿನ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸಿದ್ದರ ಫಲಿತಾಂಶ ಹಬ್ಬದ ಹಿಂದಿನ ಸಂಜೆ ಅಣ್ಣನ ಕೈ ಸೇರಿತು. ಅವನು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೇಳಿದ. "ಹಬ್ಬ ಮುಗೀಲಿ, ಆಮೇಲೆ ನೋಡೋಣ. ಅಪ್ಪನ ಕಿವೀಗೆ ಬೀಳೋದು ಬೇಡ" ಎಂದ. ಅತ್ತಿಗೆಗೆ ಗೊತ್ತಿತ್ತು, ರಾತ್ರಿ ನನ್ನ ಹೆಂಡತಿಗೂ ಗೊತ್ತಾಯಿತು. ಅಮ್ಮನಿಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಎಣ್ಣೆನೀರು, ಹೊಸ ಬಟ್ಟೆ, ಒಬ್ಬಟ್ಟು ಎಲ್ಲವೂ ನಡೆದವು. ಬೇವುಬೆಲ್ಲ ತಿನ್ನುವಾಗ ಹೇಳುವ ಶ್ಲೋಕ ನೂರು ವರ್ಷದ ಆಯುಷ್ಯವನ್ನೂ ವಜ್ರದಂಥ ದೇಹವನ್ನೂ ಬೇಡುತ್ತದೆ. ಅದನ್ನು ಹೇಳಿಕೊಡುವವರು ತಂದೆಯವರೇ. ಅವರು ಹೇಳಿದರು, ನಾವು ಅವರ ಹಿಂದೆ ಹೇಳಿದೆವು.

ನಾನು ಓದಿದ ಯಾವ ಕಥೆಯೂ ಆ ಗಳಿಗೆಗೆ ನನ್ನನ್ನು ಸಿದ್ಧಗೊಳಿಸಿರಲಿಲ್ಲ.

ಕಾಯಿಲೆ ಕನ್ನಡ ಕಾದಂಬರಿಗೆ ಹೊಸದೇನೂ ಅಲ್ಲ. ಆದರೆ ನಮ್ಮ ಕಾದಂಬರಿಯ ದೊಡ್ಡ ಕಾಯಿಲೆ ಪ್ಲೇಗು. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ (1965) ಅಗ್ರಹಾರವನ್ನು ಹೊಕ್ಕುದು ಅದು. ಭೈರಪ್ಪನವರ 'ಗೃಹಭಂಗ'ದಲ್ಲಿ (1970) ನಂಜಮ್ಮನ ಬೆಳೆದ ಮಕ್ಕಳಾದ ಪಾರ್ವತಿ, ರಾಮಣ್ಣ ಇಬ್ಬರನ್ನೂ, ಮುಂದೆ ನಂಜಮ್ಮನನ್ನೂ ಕೊಂಡೊಯ್ದುದು ಅದು. 'ಗೃಹಭಂಗ'ದ ನೆಲ ನಮಗೆ ನೆರೆಯದು: ತಿಪಟೂರು, ಚನ್ನರಾಯಪಟ್ಟಣದ ಸೀಮೆ. ಅವರ ಆತ್ಮಕಥೆ 'ಭಿತ್ತಿ'ಯನ್ನು (1996) ಓದಿದವರಿಗೆ ಆ ಸಾವುಗಳು ಬರಿಯ ಕಲ್ಪನೆಯಲ್ಲವೆಂಬುದೂ ಗೊತ್ತು. ಪ್ಲೇಗಿನ ಅಧ್ಯಾಯಗಳಲ್ಲಿ ಕಾದಂಬರಿಕಾರರು ದನಿಯೇರಿಸುವುದಿಲ್ಲ. ನಡೆದುದನ್ನು ನಡೆದಂತೆ ಹೇಳುತ್ತ ಹೋಗುತ್ತಾರೆ. ಅಳಬೇಕಾದಲ್ಲಿ ಓದುಗನೇ ಅತ್ತುಕೊಳ್ಳಬೇಕು. ಕನ್ನಡದಲ್ಲಿ ಸಾವನ್ನು ಇಷ್ಟು ನಿರಾಡಂಬರವಾಗಿ ಬರೆದವರು ಹೆಚ್ಚಿಲ್ಲ.

ಹೀಗೆ ಬರೆಯಲು ಸಾಧ್ಯವಾದುದಕ್ಕೆ ಕಾಯಿಲೆಯ ಸ್ವಭಾವವೂ ಒಂದು ಕಾರಣವೆಂದು ನನಗೆ ತೋರುತ್ತದೆ. ಪ್ಲೇಗು ಊರಿನ ಕಾಯಿಲೆ. ಇಲಿ ಬಿದ್ದರೆ ಊರಿಗೆ ಊರೇ ಹೊರಗೆ ಹೋಗಿ ಗುಡಿಸಲು ಹಾಕಿಕೊಳ್ಳಬೇಕು. ಜ್ವರ, ಗಡ್ಡೆ ಎಲ್ಲರ ಕಣ್ಣಿಗೂ ಕಾಣುತ್ತವೆ. ಕೆಲವೇ ದಿನಗಳಲ್ಲಿ ಇತ್ಯರ್ಥ. ಅಲ್ಲಿ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಬೇಕಾಗಿಲ್ಲ, ಮುಚ್ಚಿಡಲು ವ್ಯವಧಾನವೂ ಇಲ್ಲ. ಕ್ಯಾನ್ಸರಿನ ಸಂಗತಿ ಬೇರೆ. ಅದು ಒಂದು ಮನೆಗೆ ಮಾತ್ರ ಬರುತ್ತದೆ. ಮೊದಲು ಒಂದು ಕಾಗದವಾಗಿ ಬರುತ್ತದೆ. ಆ ಕಾಗದ ಯಾರ ಕೈಗೆ ಸಿಕ್ಕಿತು, ಅದನ್ನು ಯಾರು ಯಾರಿಗೆ ಹೇಳಿದರು, ಯಾರಿಗೆ ಹೇಳಲಿಲ್ಲ ಎಂಬಲ್ಲಿಯೇ ಕಥೆ ಇದೆ. ನಮ್ಮವರು ಕಾಗದ ಬಂದೊಡನೆ ಕಥೆ ಮುಗಿಯಿತೆಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಆರಂಭವಾಗುವುದೇ ಅಲ್ಲಿಂದ.

ಹೆಸರಿನ ವಿಷಯವನ್ನೇ ನೋಡಿ. ಪತ್ರಿಕೆಗಳು ಬಹುಕಾಲ 'ಅರ್ಬುದ' ಎಂದು ಬರೆದವು. ಆಯುರ್ವೇದದ ಹಳೆಯ ಶಬ್ದ, ಗಂಭೀರವೂ ಹೌದು. ಆದರೆ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಅದನ್ನು ಕೇಳಿಲ್ಲ. ಮನೆಯಲ್ಲಿ 'ಆ ಕಾಯಿಲೆ' ಎನ್ನುತ್ತಾರೆ, 'ಗಡ್ಡೆ' ಎನ್ನುತ್ತಾರೆ, ಇಲ್ಲವೇ ದನಿ ತಗ್ಗಿಸಿ ಇಂಗ್ಲಿಷಿನ ಹೆಸರನ್ನೇ ಹೇಳುತ್ತಾರೆ. ಹೆಸರು ಹೇಳಲು ಹಿಂಜರಿಯುವ ಈ ನಾಲಗೆಯನ್ನು ಹಿಡಿದ ಸಂಭಾಷಣೆ ನಮ್ಮ ಕಥೆಗಳಲ್ಲಿ ಅಪರೂಪ. ಪಾತ್ರಗಳು ನಿಘಂಟಿನಂತೆ ಮಾತನಾಡುತ್ತವೆ.

ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ 'ಇವಾನ್ ಇಲಿಚ್‌ನ ಸಾವು' ನೀಳ್ಗತೆಯಲ್ಲಿ ಕಾಯಿಲೆಗೆ ಖಚಿತವಾದ ಹೆಸರೇ ಇಲ್ಲ. ವೈದ್ಯರು ಮೂತ್ರಪಿಂಡವೋ ಕರುಳೋ ಎಂದು ಚರ್ಚಿಸುತ್ತಿರುತ್ತಾರೆ. ಓದುವವರು ಕ್ಯಾನ್ಸರಿರಬೇಕೆಂದು ಊಹಿಸಿಕೊಳ್ಳುತ್ತಾರೆ. ರೋಗಿಯನ್ನು ನೋವಿಗಿಂತ ಹೆಚ್ಚಾಗಿ ಹಿಂಸಿಸುವುದು ಸುತ್ತಲಿನವರ ಸುಳ್ಳು: ಇದು ಬರಿಯ ಕಾಯಿಲೆ, ಸುಮ್ಮನಿದ್ದು ಔಷಧಿ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂಬ ನಟನೆ. ಆ ಮನೆಯಲ್ಲಿ ಸುಳ್ಳಾಡದವನು ಗೆರಾಸಿಮ್ ಎಂಬ ಆಳುಮಗ ಒಬ್ಬನೇ. ಅವನು ಯಜಮಾನನ ಕಾಲುಗಳನ್ನು ತನ್ನ ಹೆಗಲ ಮೇಲೆ ಎತ್ತಿಟ್ಟುಕೊಂಡು ಕೂರುತ್ತಾನೆ. ಕಾಲೇಜಿನಲ್ಲಿದ್ದಾಗ ಇದನ್ನು ಓದಿ ಆ ಮನೆಯವರನ್ನು ಕಪಟಿಗಳೆಂದು ಹಳಿದಿದ್ದೆ. ಈ ಯುಗಾದಿಯಂದು ನಾನೂ ಆ ಮನೆಯವರಲ್ಲೊಬ್ಬನಾದೆ. ಪ್ರೀತಿಯಿಂದಲೇ ಸುಳ್ಳು ಹೇಳುವ ಮನೆಯೂ ಇರುತ್ತದೆಂಬುದನ್ನು ಟಾಲ್‌ಸ್ಟಾಯ್ ಅಷ್ಟಾಗಿ ಪರಿಗಣಿಸಲಿಲ್ಲವೇನೋ. ಅಥವಾ, ಆ ಪ್ರೀತಿಯೂ ರೋಗಿಯ ಪಾಲಿಗೆ ಒಂದೇ ಎಂದು ಅವರಿಗೆ ಗೊತ್ತಿತ್ತೋ ಏನೋ.

ಕುರೋಸಾವರ 'ಇಕಿರು' (1952) ಚಿತ್ರ ಇನ್ನೂ ಹತ್ತಿರ ಬರುತ್ತದೆ. ವೈದ್ಯರು ವತನಬೆಗೆ ಸಾಧಾರಣ ಹುಣ್ಣು ಎನ್ನುತ್ತಾರೆ. ಆದರೆ ಹೊರಗೆ ಕಾಯುತ್ತಿದ್ದ ಅಪರಿಚಿತ ರೋಗಿಯೊಬ್ಬ, ವೈದ್ಯರು ಯಾವ ಮಾತು ಹೇಳಿದರೆ ಏನರ್ಥವೆಂದು ಮೊದಲೇ ತಿಳಿಸಿಬಿಟ್ಟಿರುತ್ತಾನೆ. ವತನಬೆ ಮನೆಗೆ ಬಂದು ಮಗನ ಕೋಣೆಯಲ್ಲಿ ಕತ್ತಲಲ್ಲಿ ಕೂತಿದ್ದಾನೆ. ಮಗ, ಸೊಸೆ ಹೊರಗಿನಿಂದ ಬರುತ್ತ, ಅವನ ನಿವೃತ್ತಿಯ ಹಣದಲ್ಲಿ ಹೊಸ ಮನೆ ಕಟ್ಟುವ ಮಾತಾಡುತ್ತ, ದೀಪ ಹಾಕುತ್ತಾರೆ. ಮುದುಕ ಅಲ್ಲೇ ಇದ್ದಾನೆ! ಮಗನಿಗೆ ಅವನು ಕೊನೆಯವರೆಗೂ ಹೇಳುವುದಿಲ್ಲ. ಚಿತ್ರದ ಉತ್ತರಾರ್ಧ ಅವನು ಸತ್ತ ಮೇಲಿನದು. ಕಚೇರಿಯವರು ಕುಡಿಯುತ್ತ, 'ಅವನಿಗೆ ಗೊತ್ತಿತ್ತೇ, ಗೊತ್ತಿರಲಿಲ್ಲವೇ?' ಎಂದು ವಾದಿಸುತ್ತಾರೆ. ಎಂಥ ಜಾಣ ಕಟ್ಟಡ! ಮುಚ್ಚಿಡುವವರು ಯಾವಾಗಲೂ ಮಕ್ಕಳೇ ಎಂದು ನಾವು ತಿಳಿಯುತ್ತೇವೆ. ಇಲ್ಲಿ ಮುಚ್ಚಿಟ್ಟವನು ತಂದೆ.

ಇದಕ್ಕೆ ಹೋಲಿಸಿದರೆ ಹೃಷಿಕೇಶ ಮುಖರ್ಜಿಯವರ 'ಆನಂದ್' (1971) ಸುಲಭದ ದಾರಿ ಹಿಡಿಯಿತೆನ್ನಬೇಕು. ಚಿತ್ರ ನನಗೂ ಪ್ರಿಯವಾದುದೇ. ಆದರೆ ಆನಂದನಿಗೆ ಎಲ್ಲ ಗೊತ್ತು, ಮೇಲಾಗಿ ಅವನಿಗೆ ಮನೆಯವರೆಂದು ಯಾರೂ ಇಲ್ಲ. ಮನೆಯೇ ಇಲ್ಲದವನಿಗೆ ಹೇಳಬೇಕೇ ಬೇಡವೇ ಎಂಬ ಸಂಕಟವೆಲ್ಲಿಯದು? ರೋಗಿಗಳೇ ಬರೆದುಕೊಂಡ ಅನುಭವ ಈಗ ಕನ್ನಡದಲ್ಲಿದೆ. ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ಅಂಥದು, ಎದೆಗಾರಿಕೆಯ ಬರಹ. ಅದು ಹಾಸಿಗೆಯ ಕಡೆಯಿಂದ ಬಂದ ಮಾತು. ಬಾಗಿಲ ಬಳಿ ನಿಂತವರು ಏನು ಮಾಡಿದರೆಂಬುದನ್ನು ಬಾಗಿಲ ಬಳಿ ನಿಂತವರೇ ಬರೆಯಬೇಕು.

ಅದು ಏಕಿಷ್ಟು ಕಷ್ಟವೆಂಬುದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲೊಂದು ಸುಳಿವಿದೆ. ನಮ್ಮ ತಾಲ್ಲೂಕಿನ ತೀರ್ಥಪುರದವರೇ ಆದ ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'ಯಿಂದ (1953) ರಸವಿಚಾರ ಕಲಿತವರಲ್ಲಿ ನಾನೂ ಒಬ್ಬ. ವಿಪ್ರಲಂಭಕ್ಕೂ ಕರುಣಕ್ಕೂ ಭರತನು ಕಾಣಿಸುವ ಭೇದ ಒಂದೇ: ವಿಪ್ರಲಂಭ ಸಾಪೇಕ್ಷ, ಕರುಣ ನಿರಪೇಕ್ಷ. ಮತ್ತೆ ಕೂಡಿಯೇವೆಂಬ ಆಸೆ ಉಳಿದಿದ್ದರೆ ಮೊದಲನೆಯದು. ಆಸೆ ಪೂರ್ತಿ ಕಡಿದಿದ್ದರೆ ಎರಡನೆಯದು. ಈಗ, ಕಾಗದ ಬಂದ ಮನೆ ಯಾವುದಕ್ಕೆ ಸೇರಿತು? ಕತ್ತರಿಸಿ ತೆಗೆಯಬಹುದಂತೆ, ಔಷಧಿ ಇದೆಯಂತೆ ಎಂದು ಬೆಳಿಗ್ಗೆ ಆಸೆ. ಈ ವಯಸ್ಸಿನಲ್ಲಿ ತಡೆಯಲಾರರು ಎಂದು ಸಂಜೆಗೆ ನಿರಾಸೆ. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಆಸ್ಪತ್ರೆ ಆರಂಭವಾದ ಮೇಲೆ ಅಲ್ಲಿಗೆ ಹೋಗಿ ಗುಣವಾಗಿ ಬಂದವರೂ ನಮ್ಮ ಸೀಮೆಯಲ್ಲಿದ್ದಾರೆ, ಬಾರದವರೂ ಇದ್ದಾರೆ. ಗಂಟೆಗೊಮ್ಮೆ ಸ್ಥಾಯಿ ಬದಲಾಗುವ ಮನೆ ಇದು. ಕಥೆಗಾರ ಅವಸರಪಟ್ಟು ಅದನ್ನು ಕರುಣಕ್ಕೆ ತಳ್ಳಿದರೆ ಅಲ್ಲಿದ್ದ ಬದುಕೇ ತಪ್ಪಿಹೋಗುತ್ತದೆ. ಆ ಕಥೆಗಳನ್ನು ಮತ್ತೆ ಓದಲಾಗದೆ ಹೋದುದು ಇದಕ್ಕೇ.

ಹಬ್ಬದ ಸಂಜೆ ತಂದೆಯವರು ಜಗುಲಿಯ ಮೇಲೆ ಕೂತಿದ್ದರು. ಮಾತು ಹೇಗೋ 'ಗೃಹಭಂಗ'ಕ್ಕೆ ಬಂತು. ಅವರು ಅದನ್ನು ಎರಡು ಸಲ ಓದಿದವರು. "ಪ್ಲೇಗಿನ ಕಾಲದಲ್ಲಿ ಒಂದು ಸುಖ ಇತ್ತು ಕಣಯ್ಯ, ನಮ್ಮಮ್ಮ ಹೇಳೋರು. ಗಡ್ಡೆ ಎದ್ರೆ ಎಲ್ಲಾರಿಗೂ ಕಾಣೋದು. ಯಾರೂ ಹಿತ್ತಿಲಿಗೆ ಹೋಗಿ ಪಿಸುಗುಟ್ಟಬೇಕಾಗಿರ್ಲಿಲ್ಲ" ಎಂದರು. ನಾನು ಉತ್ತರ ಕೊಡಲಿಲ್ಲ.

ಆ ವಾರವಷ್ಟೇ ಕಾಯಿ ಕೀಳಿಸಿ ಅಟ್ಟಕ್ಕೆ ಹಾಕಿಸಿದ್ದರು. ಅಟ್ಟದ ಕಾಯಿ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಗಡಗಡ ಎನ್ನಬೇಕು. ತಿಪಟೂರಿನ ಮಾರುಕಟ್ಟೆಗೆ ಹೋಗುವ ಉಂಡೆಕೊಬ್ಬರಿ ಆಗುವುದು ಹಾಗೆ. "ಬರೋ ಯುಗಾದಿ ಹೊತ್ತಿಗೆ ಸುಲಿಸಬಹುದು" ಎಂದರು. ಅಣ್ಣ "ಹೂಂ" ಎಂದ. ತುಸು ತಡೆದು ಅವರು, "ರೇಟು ಚೆನ್ನಾಗಿದೆ ಅಂತ ಅವಸರ ಬಿದ್ದು ನೀರಿರೋವಾಗ್ಲೇ ಒಡೆಸಬೇಡಿ. ಅಲ್ಲಾಡಿಸಿ ನೋಡಿ, ಗೊತ್ತಾಗುತ್ತೆ" ಎಂದರು.

ಮಾರನೆಯ ಬೆಳಿಗ್ಗೆ ಅಣ್ಣ ಆ ಕಾಗದವನ್ನು ಅವರ ಕೈಗೇ ಕೊಟ್ಟ. ಅವರು ಒಳಗಿನಿಂದ ಕನ್ನಡಕ ತರಿಸಿ ಹಾಕಿಕೊಂಡು, ಮೊದಲಿನಿಂದ ಓದತೊಡಗಿದರು.