ಹೆಬ್ಬೆಟ್ಟು ಮತ್ತು ಸರದಿ

ಕರ್ನಾಟಕದ ಭೂದಾಖಲೆಗಳ ‘ಭೂಮಿ’ ತಂತ್ರಾಂಶವನ್ನು ಹೊಗಳುವವರು ಮೊದಲು ಎತ್ತಿಕೊಳ್ಳುವುದು ಬೆರಳಚ್ಚನ್ನು. ಗ್ರಾಮ ಲೆಕ್ಕಿಗರ ಕಂಕುಳಲ್ಲಿದ್ದ ಪಹಣಿ ತಾಲೂಕು ಕಚೇರಿಯ ಕಂಪ್ಯೂಟರಿಗೆ ಬಂತು, ಬೆರಳಿಟ್ಟವರಿಗಷ್ಟೇ ಪರದೆ ತೆರೆಯಿತು, ಭದ್ರತೆಯ ಕಥೆ ಅಲ್ಲಿಗೆ ಸುಖಾಂತ್ಯ. ಯೋಜನೆ ರೂಪಿಸಿದ ಅಧಿಕಾರಿ ರಾಜೀವ್ ಚಾವ್ಲಾ, ಆಗಿನ 177 ತಾಲೂಕು, ಸುಮಾರು 2 ಕೋಟಿ ಪಹಣಿ, ಪ್ರತಿಗೆ ಆಗ 15 ರೂಪಾಯಿ: ಇವೆಲ್ಲ ಓದುಗರಿಗೆ ಗೊತ್ತಿರುವುದೇ. ಬೆರಳಚ್ಚಿನ ಕೀರ್ತಿ ಮಾತ್ರ ಅದರ ಯೋಗ್ಯತೆ ಮೀರಿ ಬೆಳೆದಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಈ ಸೀಮೆಯ ಕಚೇರಿಯೊಂದರಲ್ಲಿ ನಾನೇ ಕಂಡದ್ದು. ನೌಕರರು ಹೆಬ್ಬೆಟ್ಟನ್ನು ಅಂಗಿಗೆ ಒರೆಸಿ ಯಂತ್ರದ ಮೇಲಿಟ್ಟರು. ಎರಡನೇ ಸಲಕ್ಕೆ ಪರದೆ ಬಿಚ್ಚಿಕೊಂಡಿತು. ಐದು ನಿಮಿಷಕ್ಕೆ ಟೀಗೆ ಎದ್ದರು. ಪಕ್ಕದ ಹುಡುಗ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡ. ಲೆಕ್ಕಕ್ಕೆ ಬಿದ್ದದ್ದು ಟೀ ಕುಡಿಯುತ್ತಿದ್ದವರ ಹೆಸರು.

ಹತ್ತಾರು ಜನ ಹಂಚಿಕೊಳ್ಳುವ ಅಂಕಿಅಂಶದ ಸರ್ವರ್ ನೋಡಿಕೊಳ್ಳುವವರಿಗೆ ಇದು ಹಳೆಯ ಪಾಠ. ಸ್ಯಾಸ್ (SAS) ಎಂಬ ಅಂಕಿಅಂಶ ತಂತ್ರಾಂಶದ ಸರ್ವರಿನಲ್ಲಿ ಒಳಗೆ ಬಂದವನು ಯಾರೆಂದು ಗೊತ್ತಿದ್ದರೂ, ಆಪರೇಟಿಂಗ್ ಸಿಸ್ಟಮ್‌ಗೆ ಕಮಾಂಡ್ ಕೊಡುವ ದಾರಿಯನ್ನು ಬೇರೆಯಾಗಿಯೇ ಮುಚ್ಚಿಡುತ್ತಾರೆ. ಬಂದವನು ಯಾರು ಎಂಬುದು ಒಂದು ಪ್ರಶ್ನೆ, ಬಂದಮೇಲೆ ಏನು ಮಾಡಬಲ್ಲ ಎಂಬುದು ಇನ್ನೊಂದು.

‘ಭೂಮಿ’ಯಲ್ಲಿ ಎರಡನೆಯದಕ್ಕೆ ಉತ್ತರವಾಗಿ ಇದ್ದದ್ದು ಸರದಿ. ಮ್ಯುಟೇಷನ್ (ಹಕ್ಕು ಬದಲಾವಣೆ) ಅರ್ಜಿಗಳನ್ನು ಬಂದ ಕ್ರಮದಲ್ಲೇ ತೆಗೆದುಕೊಳ್ಳಬೇಕಿತ್ತು. ನಲವತ್ತನೆಯದನ್ನು ಮೂರನೆಯದರ ಮುಂದೆ ತರುವ ಆಯ್ಕೆಯನ್ನು ಅಧಿಕಾರವಿದ್ದವರಿಗೂ ಕೊಟ್ಟಿರಲಿಲ್ಲ. ಇದೇ ಸೀಮೆಯ ಬಿಡದಿ ಕಡೆ ಜಮೀನು ಕೊಂಡವರನ್ನು ಕೇಳಿ, ಯಾರ ಕಡತ ಮೊದಲು ಎನ್ನುವುದಕ್ಕೆ ಎಷ್ಟು ಬೆಲೆಯೆಂದು ಹೇಳುತ್ತಾರೆ. ಆ ವ್ಯಾಪಾರದ ಮೇಲೆ ಕೈಯಿಟ್ಟದ್ದು ಸರದಿಯೇ ಹೊರತು ಬೆರಳಚ್ಚಲ್ಲ. ಹೊಗಳಿಕೆಯ ಭಾಷಣಗಳಲ್ಲಿ ಅದಕ್ಕೆ ಅರ್ಧ ವಾಕ್ಯ.

ಟೀಕಾಕಾರರೂ ಕಡಿಮೆಯಿಲ್ಲ. ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ, ‘ಭೂಮಿ’ ಲಂಚ ಹೆಚ್ಚಿಸಿತು, ಬೆಂಗಳೂರಿನ ಅಂಚಿನಲ್ಲಿ ದೊಡ್ಡ ಕುಳಗಳಿಗೆ ಜಮೀನಿನ ದಾರಿ ಸಲೀಸು ಮಾಡಿತು ಎಂದು ವಾದಿಸಿದರು. ಹಳ್ಳಿಯ ಅಧಿಕಾರ ಮೇಲಕ್ಕೆ ಹೋಯಿತೆಂಬುದನ್ನು ಒಪ್ಪೋಣ. ಆದರೆ ಅವರ ವಾದ ‘ಭೂಮಿ’ಯನ್ನು ಒಂದೇ ಗಂಟಾಗಿ ಕಟ್ಟಿ ಎಸೆಯುತ್ತದೆ. ಹೊಗಳುವವರದ್ದೂ ಇದೇ ಚಾಳಿ. ಅವರು ಗಂಟನ್ನು ತಲೆಮೇಲೆ ಹೊರುತ್ತಾರೆ, ಅಷ್ಟೆ. ಬಿಚ್ಚಿ ನೋಡುವ ತಾಳ್ಮೆ ಇಬ್ಬರಿಗೂ ಇಲ್ಲ.

ಬಿಚ್ಚಿದ್ದರೆ ಸರದಿಯ ತೂತೂ ಕಾಣುತ್ತಿತ್ತು. ಕರ್ನಾಟಕ ಭೂಕಂದಾಯ ಕಾಯ್ದೆಯ 129ನೇ ಕಲಮಿನ ಪ್ರಕಾರ ನೋಟಿಸಿನ ಅವಧಿಯಲ್ಲಿ ಆಕ್ಷೇಪಣೆ ಬಂದರೆ ಅರ್ಜಿ ತಕರಾರು ರಿಜಿಸ್ಟರಿಗೆ ಹೋಗುತ್ತದೆ, ಅಧಿಕಾರಿಯ ಮುಂದೆ ವಿಚಾರಣೆಗೆ ನಿಲ್ಲುತ್ತದೆ. ತಂತ್ರಾಂಶದ ಸರದಿ ಅಲ್ಲಿಗೆ ಕಡಿಯಿತು. ಆ ತಕರಾರು ಹಾಕಲು ಲಾಗಿನ್ ಬೇಡ. ಒಂದು ಬಿಳಿ ಹಾಳೆ, ಕೆಳಗೆ ಶಾಯಿಯದೊಂದು ಹೆಬ್ಬೆಟ್ಟು ಸಾಕು.