ಕಂಬಂ ಕಣಿವೆಯ ಫೈಬರ್ ಮತ್ತು ದೂರನಿರ್ವಹಣೆಯ ಮಾನದಂಡ

ತೇನಿ ಜಿಲ್ಲೆಯಲ್ಲಿ 130 ಗ್ರಾಮ ಪಂಚಾಯಿತಿಗಳಿವೆ, ದಿಂಡಿಗಲ್ ಜಿಲ್ಲೆಯಲ್ಲಿ 306. ಭಾರತ್‌ನೆಟ್ ಯೋಜನೆಯಡಿ ತಮಿಳುನಾಡಿನ 12,525 ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಹೊಣೆ ಹೊತ್ತಿರುವುದು ರಾಜ್ಯದ್ದೇ ಆದ ಟ್ಯಾನ್‌ಫಿನೆಟ್ ನಿಗಮ. ಅದರ ಲೆಕ್ಕದಲ್ಲಿ ಈ ಎರಡು ಜಿಲ್ಲೆಗಳ ಪಾಲು ಸಣ್ಣದು, ಆದರೆ ನೆಲ ಸುಲಭದ್ದಲ್ಲ. ಚಿನ್ನಮನೂರಿನಿಂದ ಮೇಘಮಲೈಗೆ ಹತ್ತುವ ರಸ್ತೆಯಲ್ಲಿ 18 ಕಡಿದಾದ ತಿರುವುಗಳಿವೆ. ವತ್ತಲಗುಂಡಿನಿಂದ ಕೊಡೈಕೆನಾಲ್‌ವರೆಗೆ ಘಟ್ಟವೋ ಘಟ್ಟ. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕಪ್ಪಿಲಿಯರೂ ಬಾಳುವ ಕಂಬಂ ಕಣಿವೆಯಲ್ಲಿ ಹಳ್ಳಿಗಳು ತೋಟ, ಗದ್ದೆಗಳ ನಡುವೆ ಚದುರಿಕೊಂಡಿವೆ. ಬೋಡಿನಾಯಕನೂರಿನ ಏಲಕ್ಕಿ ಹರಾಜಂತೂ ಕಂಪ್ಯೂಟರಿನ ಮೇಲೆಯೇ ನಡೆಯುತ್ತದೆ. ಇಂಥ ಕಡೆ ಕಚೇರಿಯ ಗೋಡೆಗೆ ತಗುಲಿಸಿದ ಒಂದು ಪೆಟ್ಟಿಗೆ ಮಂಕಾದರೆ ಲೈನಿನವನ ಇಡೀ ದಿನ ಅದಕ್ಕೇ ಹೋಗುತ್ತದೆ. ಆದ್ದರಿಂದ ನೆಟ್‌ವರ್ಕ್ ಸಾಧನಗಳನ್ನು ದೂರದಿಂದ ನಿರ್ವಹಿಸುವ ಮಾನದಂಡವನ್ನು ವಿಮರ್ಶಿಸುವಾಗ ನಾನು ಮುಖ್ಯವಾಗಿ ಕೇಳುವುದು ಒಂದನ್ನೇ: ಯಾವ ಕಂಪನಿಯ ಪೆಟ್ಟಿಗೆಯೇ ಆಗಲಿ, ದೂರದಲ್ಲಿ ಕೂತು ಅದರ ಸೆಟ್ಟಿಂಗ್ ಬದಲಿಸಲು, ಬದಲಿಸಿದ್ದು ತಪ್ಪಾದರೆ ಅಲ್ಲಿಂದಲೇ ಹಿಂತೆಗೆದುಕೊಳ್ಳಲು ಆಗುತ್ತದೆಯೇ?

ಈ ಅಳತೆಗೆ ಮೊದಲ ತಲೆಮಾರು ನಿಲ್ಲಲಿಲ್ಲ. 1988ರಲ್ಲಿ ಬಂದ ಎಸ್‌ಎನ್‌ಎಂಪಿ ಸರಳವಾಗಿತ್ತು, ಬೇಗ ಹರಡಿತು. ಯಾವ ಲಿಂಕ್ ಬಿದ್ದಿದೆ, ಎಷ್ಟು ಡೇಟಾ ಹರಿಯುತ್ತಿದೆ ಎಂದು ನೋಡುವುದಕ್ಕೆ ಇಂದಿಗೂ ಅದೇ ಸಾಕು. ಆದರೆ 2002ರ ಜೂನ್‌ನಲ್ಲಿ ಇಂಟರ್ನೆಟ್ ಆರ್ಕಿಟೆಕ್ಚರ್ ಬೋರ್ಡ್ ನೆಟ್‌ವರ್ಕ್ ನಡೆಸುವವರನ್ನೂ ಪ್ರೋಟೊಕಾಲ್ ರೂಪಿಸುವವರನ್ನೂ ಒಟ್ಟಿಗೆ ಕೂರಿಸಿದಾಗ, ಸೆಟ್ಟಿಂಗ್ ಬದಲಿಸಲು ಎಸ್‌ಎನ್‌ಎಂಪಿಯನ್ನು ಹೆಚ್ಚಿನವರು ನೆಚ್ಚಿಕೊಂಡಿಲ್ಲ ಎಂಬುದು ಬಯಲಾಯಿತು. ಎಂಜಿನಿಯರುಗಳು ಒಂದೊಂದು ಕಂಪನಿಯ ಕಮಾಂಡುಗಳಿಗೂ ಬೇರೆ ಬೇರೆ ಸ್ಕ್ರಿಪ್ಟ್ ಬರೆದುಕೊಂಡು ಕೆಲಸ ಸಾಗಿಸುತ್ತಿದ್ದರು. ಆ ಸಭೆಯ ಫಲವಾಗಿ 2006ರಲ್ಲಿ ನೆಟ್‌ಕಾನ್ಫ್, 2010ರಲ್ಲಿ ಅದರ ಮಾದರಿಗಳನ್ನು ಬರೆಯುವ ಭಾಷೆ ಯಾಂಗ್ ಬಂದವು. ಇವುಗಳಲ್ಲಿ ಒಂದು ಏರ್ಪಾಡನ್ನು ಹತ್ತಿರದಿಂದ ನೋಡಬೇಕು. ಮಧುರೈನಲ್ಲಿ ಕೂತ ಎಂಜಿನಿಯರ್ ಘಟ್ಟದ ಮೇಲಿನ ರೌಟರಿನ ಸೆಟ್ಟಿಂಗ್ ಬದಲಿಸುತ್ತಾರೆ ಎನ್ನಿ. ಒಂದು ಅಂಕಿ ತಪ್ಪಿದರೂ ಆ ರೌಟರನ್ನು ತಲುಪುವ ದಾರಿಯೇ ಕಡಿದುಹೋದೀತು. ಆಮೇಲೆ ತಿದ್ದಲು ಅಲ್ಲಿಗೇ ಹೋಗಬೇಕು. ನೆಟ್‌ಕಾನ್ಫ್‌ನಲ್ಲಿ ಬದಲಾವಣೆಯನ್ನು ತಾತ್ಕಾಲಿಕವಾಗಿ ಜಾರಿಮಾಡುವ ಸೌಲಭ್ಯವಿದೆ. ಗೊತ್ತಾದ ಅವಧಿಯೊಳಗೆ ಮತ್ತೊಮ್ಮೆ ಖಚಿತಪಡಿಸದಿದ್ದರೆ ರೌಟರ್ ತಾನಾಗಿ ಹಳೆಯ ಸೆಟ್ಟಿಂಗಿಗೆ ಮರಳುತ್ತದೆ. ಬೇರೆ ಅವಧಿ ಹೇಳದಿದ್ದರೆ 600 ಸೆಕೆಂಡು. ಈ ಮಾನದಂಡದ ಹಲವು ಪುಟಗಳಲ್ಲಿ ಘಟ್ಟದ ಊರಿಗೆ ಇದಕ್ಕಿಂತ ಉಪಕಾರಿಯಾದದ್ದು ನನಗೆ ಕಾಣಲಿಲ್ಲ. ಎಲ್ಲ ಸಾಧನಗಳಿಗೂ ಇದು ಕಡ್ಡಾಯವಲ್ಲ, ಇದ್ದರೆ ಇರಲಿ ಎಂಬ ಸೌಲಭ್ಯಗಳ ಪಟ್ಟಿಯಲ್ಲಿದೆ ಎಂಬುದೇ ನನ್ನ ಮೊದಲ ತಕರಾರು.

ಎರಡನೆಯ ತಕರಾರು ಕೊನೆಯ ಪೆಟ್ಟಿಗೆಯದು. ಭಾರತ್‌ನೆಟ್‌ನ ಮೊದಲ ಹಂತದಲ್ಲಿ ಪಂಚಾಯಿತಿಗೆ ಬಂದದ್ದು ಒಂದೇ ಫೈಬರನ್ನು ಹಲವು ಕಡೆಗೆ ಹಂಚುವ ಜಿಪಾನ್ ತಂತ್ರಜ್ಞಾನ. ಊರಿನ ಕೇಬಲ್‌ನವರಲ್ಲೂ ಮನೆಗೆ ಫೈಬರ್ ಕೊಡುವವರು ನೆಚ್ಚುವುದು ಇದನ್ನೋ ಇದರ ದಾಯಾದಿಯನ್ನೋ. ಇಲ್ಲೂ ಮಾನದಂಡ ಮಾಡಿದ ಒಳ್ಳೆಯ ಕೆಲಸವಿದೆ. ಕರೆಂಟ್ ಹೋದ ಗಳಿಗೆಯಲ್ಲಿ ಫೈಬರಿನ ತುದಿಯಲ್ಲಿರುವ ಪೆಟ್ಟಿಗೆಯಾದ ಓಎನ್‌ಟಿ ಪೂರ್ತಿ ಆರುವ ಮುನ್ನ ತನ್ನಲ್ಲಿ ಉಳಿದಷ್ಟು ವಿದ್ಯುತ್ತಿನಲ್ಲೇ ಕೊನೆಯ ಸಂದೇಶವೊಂದನ್ನು ಕಳಿಸುತ್ತದೆ. ಆ ಸಂದೇಶ ಬಂದಿದ್ದರೆ ಹೋಗಿರುವುದು ಕರೆಂಟು. ಬರದೆ ಸದ್ದಡಗಿದ್ದರೆ ಫೈಬರ್ ತುಂಡಾಗಿರಬಹುದು ಎಂದು ಜನ ಕಳಿಸಬೇಕು. ಇಷ್ಟು ಗೊತ್ತಾದರೆ ಉಳಿಯುವ ಓಡಾಟ ಕಡಿಮೆಯೇನಲ್ಲ. ಆದರೆ ಅದೇ ಓಎನ್‌ಟಿಯನ್ನು ನಿರ್ವಹಿಸುವ ಓಎಂಸಿಐ ನಿಯಮಾವಳಿಯಲ್ಲಿ ಕಂಪನಿಗಳು ತಮಗೆ ಬೇಕಾದ್ದು ತುಂಬಿಕೊಳ್ಳಲೆಂದೇ ಜಾಗ ಬಿಟ್ಟಿದೆ. ಎಸ್‌ಎನ್‌ಎಂಪಿಯಲ್ಲೂ ಕಂಪನಿಗಳ ಖಾಸಗಿ ಕೊಂಬೆ ಹೀಗೆಯೇ ಬೆಳೆದದ್ದು. ಹೊಸತನಕ್ಕೆ ಬಿಟ್ಟ ಜಾಗದಲ್ಲಿ ವೈಫೈ, ಫೋನ್‌ನಂಥ ದಿನಬಳಕೆಯ ಸೆಟ್ಟಿಂಗುಗಳೇ ಹೋಗಿ ಕೂತರೆ, ಒಂದು ಕಂಪನಿಯ ಓಎಲ್‌ಟಿಗೆ (ಜಾಲದ ಕಡೆಯ ಪೆಟ್ಟಿಗೆಗೆ) ಇನ್ನೊಂದರ ಓಎನ್‌ಟಿ ಸಿಕ್ಕಿಸಿದಾಗ ದೀಪವೇನೋ ಹತ್ತುತ್ತದೆ, ನಿರ್ವಹಣೆ ಸಿಗುವುದಿಲ್ಲ. ಬ್ರಾಡ್‌ಬ್ಯಾಂಡ್ ಫೋರಂ 2011ರಲ್ಲಿ ಜಿಪಾನ್ ಓಎನ್‌ಟಿಗಳಿಗೆ ಹೊಂದಾಣಿಕೆಯ ಪ್ರಮಾಣಪತ್ರ ಕೊಡಲು ಶುರುಮಾಡಬೇಕಾಯಿತು ಎಂಬುದೇ, ಬರೀ ನಿಯಮ ಬರೆದರೆ ಸಾಲದೆಂಬುದಕ್ಕೆ ಸಾಕ್ಷಿ.

ಎಲ್ಲ ಉಪಕರಣವನ್ನೂ ಒಂದೇ ವಿನ್ಯಾಸದಲ್ಲಿ ಮಾಡಿಸಿದರೆ ಈ ರಗಳೆಯೇ ಇರುವುದಿಲ್ಲವಲ್ಲ ಎನ್ನುವವರಿದ್ದಾರೆ. ಭಾರತ್‌ನೆಟ್‌ನ ಆರಂಭದಲ್ಲಿ ಆದದ್ದು ಹೆಚ್ಚುಕಡಿಮೆ ಅದೇ: ಸರ್ಕಾರಿ ಸಂಸ್ಥೆ ಸಿ-ಡಾಟ್ ತನ್ನ ಜಿಪಾನ್ ತಂತ್ರಜ್ಞಾನವನ್ನು ಹಲವು ತಯಾರಕರಿಗೆ ಕೊಟ್ಟಿತು. ದೇಶದೊಳಗೇ ಆದ ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೂ ಒಂದೇ ವಿನ್ಯಾಸದಿಂದ ಬರುವ ಹೊಂದಾಣಿಕೆ ಆ ವಿನ್ಯಾಸ ಬದಲಾಗುವ ದಿನದವರೆಗೆ ಮಾತ್ರ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್ ಐಪಿ-ಎಂಪಿಎಲ್‌ಎಸ್ ಉಪಕರಣಗಳ ಕಡೆಗೆ, ಉಂಗುರದಂತೆ ಸುತ್ತುವ ಜಾಲದ ಕಡೆಗೆ ತಿರುಗಿದೆ. ಹಳೆಯದು, ಹೊಸದು ಬಹುಕಾಲ ಅಕ್ಕಪಕ್ಕ ಬಾಳಲೇಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಬಾಗಿಲಿಟ್ಟರೆ ಕಳ್ಳನಿಗೂ ಅದೇ ಬಾಗಿಲು. 2016ರ ನವೆಂಬರ್‌ನಲ್ಲಿ ಮಿರಾಯ್ ಕುತಂತ್ರಾಂಶದ ಒಂದು ರೂಪ ಮನೆಯ ರೌಟರುಗಳನ್ನು ದೂರದಿಂದ ನಿರ್ವಹಿಸುವ ಟಿಆರ್-069 ಮಾನದಂಡ ಬಳಸುವ 7547ನೇ ಪೋರ್ಟ್ ಹುಡುಕಿ ನುಗ್ಗಲೆತ್ನಿಸಿದಾಗ ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಏರುಪೇರಾಯಿತು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅಲ್ಲಿ ದಾಳಿಗೆ ಬಳಸಿದ್ದು ಮನೆಯೊಳಗಿನ ಜಾಲಕ್ಕೆ ಮಾತ್ರ ಎಂದು ರೂಪಿಸಿದ್ದ ಟಿಆರ್-064ರ ಆದೇಶಗಳನ್ನು. ಅವು ಹೊರಗಿನವರಿಗೆ ಕಾಣುವಂತೆ ಬಿಟ್ಟದ್ದು ಉಪಕರಣದ ತಯಾರಿಕೆಯಲ್ಲಿ ಆದ ತಪ್ಪು. ಗುಟ್ಟಾಗಿಟ್ಟ ಖಾಸಗಿ ವ್ಯವಸ್ಥೆಯಲ್ಲೂ ಇಂಥ ತೂತುಗಳಿರುತ್ತವೆ, ಹೊರಗಿನವರು ಪರೀಕ್ಷಿಸಿ ಹೇಳುವ ಅವಕಾಶವೊಂದೇ ಇರುವುದಿಲ್ಲ. ಟಿಆರ್-069ರ ಮುಂದಿನ ತಲೆಮಾರಾಗಿ 2018ರಲ್ಲಿ ಬಂದ ಟಿಆರ್-369 ಈ ಪಾಠ ಕಲಿತಿದೆ: ಹೊರಗಿನ ಕರೆಗೆ ಪೋರ್ಟ್ ತೆರೆದು ಕಾಯುವ ಬದಲು ಸಾಧನವೇ ಭದ್ರವಾದ ಸಂಪರ್ಕವನ್ನು ಹಿಡಿದಿಟ್ಟುಕೊಳ್ಳುವ ದಾರಿ ಅದರಲ್ಲಿದೆ, ಯಾರು ಏನನ್ನು ಮುಟ್ಟಬಹುದು ಎಂಬ ಅಧಿಕಾರವನ್ನೂ ಬೇರೆ ಬೇರೆಯಾಗಿ ಹಂಚಬಹುದು.

ಅಗ್ಗದ ಪೆಟ್ಟಿಗೆ ಕೊಳ್ಳುವ ಸಣ್ಣ ಕೇಬಲ್‌ನವರಿಗೆ ಇದನ್ನೆಲ್ಲ ಇಂದೇ ಹೇರಲಾಗದು, ನಿಜ. ಸಾರ್ವಜನಿಕ ಹಣದ ಜಾಲಕ್ಕೆ ಆ ರಿಯಾಯಿತಿ ಬೇಡ. ಪರಿಷ್ಕೃತ ಭಾರತ್‌ನೆಟ್‌ನ ಗುತ್ತಿಗೆಯಲ್ಲಿ ನಿರ್ವಹಣೆಯ ಅವಧಿಯೇ 10 ವರ್ಷ. ಅಷ್ಟರಲ್ಲಿ ಎಷ್ಟೋ ಪೆಟ್ಟಿಗೆಗಳು ಬೇರೆ ಕಂಪನಿಯವಾಗಿರುತ್ತವೆ. ಹೀಗಾಗಿ ಟೆಂಡರಿನಲ್ಲಿ ಮಾನದಂಡದ ಹೆಸರು ಬರೆದು ಸುಮ್ಮನಾಗುವ ಬದಲು ಎರಡು ಕಂಪನಿಗಳ ಸಾಧನಗಳನ್ನು ಅದಲುಬದಲು ಮಾಡಿ, ದೂರದಿಂದ ಸೆಟ್ಟಿಂಗ್ ಕೆಡಿಸಿ, ಅದು ತಾನಾಗಿ ಮರಳುವುದನ್ನು ಕಣ್ಣೆದುರು ತೋರಿಸಿದವರಿಗೇ ಹಣ ಕೊಡಬೇಕು. ಯಾಂಗ್ ಮಾದರಿಗಳೂ ಪಾಸ್‌ವರ್ಡುಗಳೂ ಗುತ್ತಿಗೆದಾರನ ಬಳಿಯೇ ಉಳಿಯದೆ ಮೊದಲ ದಿನದಿಂದಲೇ ನಿಗಮದ ಕೈಯಲ್ಲೂ ಇರಬೇಕು.